ಸೋಲಾಪುರದ ಬರ, ಬೇಳೆಯ ಲೆಕ್ಕ ಮತ್ತು ಹೊಟ್ಟೆಯೊಳಗಿನ ಮಗು

ನಮ್ಮ ಬ್ಯಾರಿ ಮನೆಗಳಲ್ಲಿ ಶುಗರಿನ ಮಾತು ಬಂದರೆ ತಪ್ಪೆಲ್ಲ ಬಿರಿಯಾನಿಯ ಮೇಲೆ, ಬೇಕರಿ ತಿಂಡಿಯ ಮೇಲೆ, ದಿನಕ್ಕೆ ಐದು ಸಲ ಕುಡಿಯುವ ಸಿಹಿ ಚಾಯದ ಮೇಲೆ ಬೀಳುತ್ತದೆ. ಅದು ಸುಳ್ಳೇನೂ ಅಲ್ಲ. ಆದರೆ ಶುಗರಿಗೆ ಇನ್ನೊಂದು ಚರಿತ್ರೆ ಇದೆ. ಅದು ತಿಂದವರದ್ದಲ್ಲ, ತಿನ್ನಲು ಸಿಗದವರದ್ದು. ಅದರಲ್ಲೂ ಹೊಟ್ಟೆಯಲ್ಲಿ ಮಗು ಇದ್ದಾಗ ಬೇಳೆ, ಮೀನು, ಮೊಟ್ಟೆ, ಹಾಲು ಸಿಗದ ಹೆಂಗಸರದ್ದು. ಆ ಚರಿತ್ರೆಯನ್ನು ನಾನು ಸೋಲಾಪುರದಿಂದ ಶುರು ಮಾಡುತ್ತೇನೆ.

ಸೋಲಾಪುರ ಯಾಕೆ ಅಂದರೆ, ಡಿಪ್ಲೊಮಾ ಮುಗಿಸಿದ ಮೇಲೆ ನಾನು ಕೆಲವು ವರ್ಷ ಅಲ್ಲಿ ಅಕ್ಕಲಕೋಟೆ ರೋಡಿನ ಎಂಐಡಿಸಿಯಲ್ಲಿ ಟವೆಲ್ ನೇಯುವ ಮಗ್ಗಗಳ ಮೇಂಟೆನೆನ್ಸ್ ಕೆಲಸದಲ್ಲಿದ್ದೆ. ಊರು ಮಹಾರಾಷ್ಟ್ರದ್ದು, ಆದರೆ ಬೀದಿಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತವೆ. ಅಕ್ಕಲಕೋಟೆ ತಾಲೂಕಿಗೆ ಹೋದರೆ ಕನ್ನಡವೇ ಮನೆಮಾತು. 1967ರ ಮಹಾಜನ ಆಯೋಗದ ವರದಿ ಎಂದರೆ ನಮ್ಮವರಿಗೆ ಕಾಸರಗೋಡು ಮಾತ್ರ ನೆನಪಾಗುತ್ತದೆ. ಅದೇ ವರದಿ ಅಕ್ಕಲಕೋಟೆಯನ್ನೂ ಕರ್ನಾಟಕಕ್ಕೆ ಸೇರಿಸಬೇಕು ಎಂದಿತ್ತು. ಎರಡೂ ಆಗಲಿಲ್ಲ, ಅದು ಬೇರೆ ಕತೆ.

ಅಲ್ಲಿಯ ಊಟ ನಮಗೆ ಹೊಸದು. ಜೋಳದ ರೊಟ್ಟಿ, ಖಾರದ ಶೇಂಗಾ ಚಟ್ನಿ, ತೊಗರಿಬೇಳೆ, ಪುಂಡಿಪಲ್ಯ. ಪುಂಡಿ ಎಂದಾಗ ನಾನು ನಮ್ಮ ಅಕ್ಕಿ ಪುಂಡಿ ಎಂದುಕೊಂಡು ಖುಷಿಪಟ್ಟಿದ್ದೆ, ನೋಡಿದರೆ ಅದು ಹುಳಿ ಸೊಪ್ಪು. ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಮಳೆಯನ್ನು ನಂಬಲಾಗದ ಊರಿನ ಅಡುಗೆ ಅದು.

ಮಳೆ ಎಷ್ಟು ನಂಬಲಾಗದ್ದು ಎಂಬುದಕ್ಕೆ 1876 ಸಾಕು. ಆ ವರ್ಷ ಮಳೆ ಕೈಕೊಟ್ಟು ಸೋಲಾಪುರ, ಕಲಾದಗಿ, ಬೆಳಗಾವಿ, ಧಾರವಾಡ, ಸಾತಾರಾ, ಪುಣೆ, ಅಹ್ಮದನಗರ ಜಿಲ್ಲೆಗಳೆಲ್ಲ ಒಣಗಿದವು. ಮೈಸೂರು ಸೀಮೆಯವರು ಧಾತು-ಈಶ್ವರ ಬರ ಎಂದು ನೆನಪಿಟ್ಟುಕೊಂಡದ್ದು ಇದನ್ನೇ. 1878ರ ತನಕ ಎಳೆದ ಈ ಬರದಲ್ಲಿ ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಸೋಲಾಪುರಕ್ಕೆ ಆಗಲೇ ರೈಲು ಬಂದಿತ್ತು, ಧಾನ್ಯವೂ ರೈಲಿನಲ್ಲಿ ಬಂತು. ಆದರೆ ಬೆಲೆ ಕೊಟ್ಟು ಕೊಳ್ಳಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. ಸರಕಾರ ಬರದ ಕಾಮಗಾರಿ ತೆರೆಯಿತು. ರಸ್ತೆ ಮಾಡುವುದು, ಜಲ್ಲಿ ಒಡೆಯುವುದು, ಕೆರೆ ಕಟ್ಟುವುದು. ಸೋಲಾಪುರ ಜಿಲ್ಲೆಯ ಆಷ್ಟಿ ಕೆರೆ ಹಾಗೆ ಶುರುವಾದದ್ದು. ಗಂಡಸರ ಜೊತೆ ಹೆಂಗಸರೂ ಮಣ್ಣು ಹೊತ್ತರು, ಬಸುರಿಯರೂ ಹೊತ್ತರು.

ಕೂಲಿ ಎಷ್ಟು ಕೊಡಬೇಕು ಎಂಬ ಪ್ರಶ್ನೆ ಬಂತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಖರ್ಚು ಉಳಿಸಲು ಕಲ್ಕತ್ತೆಯಿಂದ ಬಂದವನು, ಆಮೇಲೆ ಮುಂಬೈಯ ಗವರ್ನರನೂ ಆದವನು, 1877ರ ಆರಂಭದಲ್ಲಿ ಒಂದು ಅಳತೆ ಹೇಳಿದ: ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಒಂದು ಸಣ್ಣ ಕಾಸು. ಹೆಂಗಸಿಗೆ ಗಂಡಸಿಗಿಂತ ಕಡಿಮೆ. ಜನ ಇದನ್ನು ಸುಮ್ಮನೆ ಒಪ್ಪಲಿಲ್ಲ. ದಖ್ಖನ್ನಿನ ಕಾಮಗಾರಿಗಳಲ್ಲಿ ಸಾವಿರಾರು ಮಂದಿ ಹಸಿದ ಹೊಟ್ಟೆಯಲ್ಲೇ ಕೆಲಸ ಬಿಟ್ಟು ಎದ್ದು ಹೋದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆಯಿತು. ಬರಗಾಲದಲ್ಲಿ ಮುಷ್ಕರ ಹೂಡುವುದು ಸಣ್ಣ ಸಂಗತಿಯಲ್ಲ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾನಂತೂ ಇದನ್ನು ಓದಿಲ್ಲ.

ಆ ಹೊತ್ತಿಗೆ ಮದ್ರಾಸಿನಲ್ಲಿ ಒಬ್ಬ ಡಾಕ್ಟರ್ ಇದ್ದ, ಡಬ್ಲ್ಯು. ಆರ್. ಕಾರ್ನಿಷ್. ಆ ಪ್ರಾಂತ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥ. ಒಂದು ಪೌಂಡ್ ಧಾನ್ಯದಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ, ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಕೊಡುತ್ತೇವೆ ಎಂದು ಅವನು ಪಟ್ಟು ಹಿಡಿದ. ಧಾನ್ಯ ಹೆಚ್ಚಿಸಿದರೆ ಸಾಲದು, ಜೊತೆಗೆ ಬೇಳೆಯೂ ಬೇಕು ಎಂಬುದು ಅವನ ವಾದ. ಆಗ ಪ್ರೊಟೀನ್ ಎನ್ನದೆ ಸಾರಜನಕ ಇರುವ ಆಹಾರ ಎನ್ನುತ್ತಿದ್ದರು, ಮಾತು ಒಂದೇ. ಟೆಂಪಲ್ ಒಪ್ಪಲಿಲ್ಲ. ಕೊನೆಗೆ ಮದ್ರಾಸ್ ಸರಕಾರ ಅಳತೆಯನ್ನು ಬದಲಿಸಿತು, ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು.

ನಾನು ಮೆಕ್ಯಾನಿಕಲ್ ಓದಿದವನು, ಲೆಕ್ಕ ಮಾಡದೆ ನಂಬುವವನಲ್ಲ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಜೋಳದಲ್ಲಿ ನೂರು ಗ್ರಾಮಿಗೆ 10 ಗ್ರಾಂ ಪ್ರೊಟೀನ್. ಅಂದರೆ ದಿನಕ್ಕೆ 45 ಗ್ರಾಂ. ಶಕ್ತಿ 1,500 ಕ್ಯಾಲರಿಯ ಆಸುಪಾಸು. ಈಗ ಇವತ್ತಿನ ಅಳತೆ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ 55 ಕಿಲೊ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಪ್ರೊಟೀನ್ ಬೇಕು. ಬಸುರಿಯಾದರೆ ನಡುವಿನ ಮೂರು ತಿಂಗಳಲ್ಲಿ ಅದರ ಮೇಲೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ. ಹಾಗಾದರೆ ಕೊನೆಗೆ 68 ಗ್ರಾಂ.

45 ಮತ್ತು 68ರ ನಡುವಿನ ಅಂತರ ಕಾಗದದಲ್ಲಿ ದೊಡ್ಡದಾಗಿ ಕಾಣಲಿಕ್ಕಿಲ್ಲ. ಆದರೆ ಇದರಲ್ಲಿ ಇನ್ನೂ ಎರಡು ಸೋರಿಕೆಗಳಿವೆ. ಒಂದು, ಜೋಳದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ದೇಹಕ್ಕೆ ಬೇಕಾದದ್ದರ ಅರ್ಧದಷ್ಟು ಮಾತ್ರ ಇದೆ. ನಟ್ಟು ನೂರಿದ್ದು ಬೋಲ್ಟು ಐವತ್ತೇ ಇದ್ದರೆ ಜೋಡಣೆ ಐವತ್ತೇ ಅಲ್ಲವೇ, ಹಾಗೆ. ತೊಗರಿಬೇಳೆಯಲ್ಲಿ ಲೈಸಿನ್ ಧಾರಾಳ ಇದೆ, ಅದಕ್ಕೇ ರೊಟ್ಟಿ ಮತ್ತು ಬೇಳೆ ಒಟ್ಟಿಗೆ ಬೇಕು. ಶೇಂಗಾದಲ್ಲಿ ಪ್ರೊಟೀನ್ ತುಂಬಾ ಇದ್ದರೂ ಲೈಸಿನ್ ಅಷ್ಟಿಲ್ಲ, ಹಾಗಾಗಿ ಚಟ್ನಿ ಬೇಳೆಯ ಜಾಗ ತುಂಬುವುದಿಲ್ಲ. ಎರಡನೆಯದು, ದಿನವಿಡೀ ಮಣ್ಣು ಹೊರುವವಳಿಗೆ 1,500 ಕ್ಯಾಲರಿ ಸಾಕಾಗದೆ ದೇಹ ಪ್ರೊಟೀನನ್ನೇ ಸೌದೆಯ ಹಾಗೆ ಉರಿಸಿಬಿಡುತ್ತದೆ. ಮನೆ ಕಟ್ಟಲು ತಂದ ಮರವನ್ನು ಒಲೆಗೆ ಹಾಕಿದ ಹಾಗೆ. ಮಗುವಿಗೆ ಉಳಿಯುವುದು ಏನು?

ಬರದಲ್ಲಿ ಸತ್ತವರ ಲೆಕ್ಕ ಚರಿತ್ರೆಯಲ್ಲಿದೆ. ಬದುಕಿ ಉಳಿದವರ ಹೊಟ್ಟೆಯೊಳಗೆ ಏನಾಗಿತ್ತು ಎಂದು ತಿಳಿಯಲು ವಿಜ್ಞಾನಕ್ಕೆ ನೂರು ವರ್ಷ ಬೇಕಾಯಿತು.

ಆ ಕತೆಯೂ ಒಂದು ಲೆಕ್ಕದ ಪುಸ್ತಕದಿಂದಲೇ ಶುರುವಾಗುತ್ತದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬಲ್ಲಿ 1911ರಿಂದ ದಾದಿಯರು ಹುಟ್ಟಿದ ಪ್ರತಿ ಮಗುವಿನ ತೂಕ ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಎಂಬ ಡಾಕ್ಟರ್ ಆ ಪುಸ್ತಕಗಳನ್ನು ಹುಡುಕಿ ತೆಗೆದು, ಅಷ್ಟು ಹೊತ್ತಿಗೆ ಮುದುಕರಾಗಿದ್ದ ಆ ಮಕ್ಕಳನ್ನು ಪರೀಕ್ಷೆ ಮಾಡಿಸಿದ. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಶುಗರ್ ಹೆಚ್ಚು. ಕೇಂಬ್ರಿಜಿನ ನಿಕ್ ಹೇಲ್ಸ್ ಜೊತೆ ಸೇರಿ ಅವನು 1992ರಲ್ಲಿ ಒಂದು ವಿವರಣೆ ಮುಂದಿಟ್ಟ. ಗರ್ಭದಲ್ಲಿ ಆಹಾರ ಸಾಲದಿದ್ದಾಗ ಮಗು ಮಿದುಳನ್ನು ಮೊದಲು ಕಾಪಾಡುತ್ತದೆ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ, ಸ್ನಾಯು ಮುಂತಾದವನ್ನು ಚಿಕ್ಕದಾಗಿ ಕಟ್ಟಿ ಕೈ ತೊಳೆದುಕೊಳ್ಳುತ್ತದೆ. ಹೊರಗೂ ಬಡತನವೇ ಇದ್ದರೆ ಆ ಚಿಕ್ಕ ಗ್ರಂಥಿ ಸಾಕು. ಮುಂದೆ ಊಟ ಹೆಚ್ಚಾಗಿ, ಮೈ ಬೆಳೆದಾಗ ಅದು ಸೋಲುತ್ತದೆ.

ಇದನ್ನು ನಾನು ಪಂಪಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಒಂದು ಅಂತಸ್ತಿನ ಮನೆಗೆ ಅರ್ಧ ಎಚ್‌ಪಿ ಪಂಪು ಕೂರಿಸಿದ್ದೀರಿ, ಚೆನ್ನಾಗಿಯೇ ಓಡುತ್ತದೆ. ಗಲ್ಫಿನ ದುಡ್ಡು ಬಂತು, ಮೇಲೆ ಇನ್ನೆರಡು ಅಂತಸ್ತು ಕಟ್ಟಿದಿರಿ. ಪಂಪು ಅದೇ. ಹಗಲೂ ರಾತ್ರಿ ಓಡಿ ಓಡಿ ಒಂದು ದಿನ ಸುಟ್ಟು ಹೋಗುತ್ತದೆ. ಪಂಪನ್ನಾದರೆ ಬದಲಿಸಬಹುದು. ಇನ್ಸುಲಿನ್ ಮಾಡುವ ಬೀಟಾ ಕೋಶಗಳ ಬಹುಪಾಲು ತಯಾರಿ ಗರ್ಭದಲ್ಲಿ ಮತ್ತು ಮೊದಲ ಕೆಲವು ವರ್ಷಗಳಲ್ಲಿ ಮುಗಿದಿರುತ್ತದೆ.

ಪ್ರೊಟೀನಿನದ್ದೇ ಪಾತ್ರ ಎಂದು ತೋರಿಸಿದ್ದು ಇಲಿಗಳ ಪ್ರಯೋಗ. 1990ರಲ್ಲಿ ಬೆಲ್ಜಿಯಂನ ಲುವೇನ್ ವಿಶ್ವವಿದ್ಯಾಲಯದವರು ಬಸುರಿ ಇಲಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಶೇಕಡಾ 20 ಪ್ರೊಟೀನ್ ಇರುವ ಆಹಾರ, ಇನ್ನೊಂದಕ್ಕೆ ಶೇಕಡಾ 8. ಕಡಿಮೆ ತಿಂದ ತಾಯಂದಿರ ಮರಿಗಳಲ್ಲಿ ಬೀಟಾ ಕೋಶಗಳು ಕಡಿಮೆ ಹುಟ್ಟಿದ್ದವು, ಅವು ಇರುವ ದ್ವೀಪಗಳಂಥ ಗುಚ್ಛಗಳು ಚಿಕ್ಕದಾಗಿದ್ದವು, ಅವಕ್ಕೆ ಹೋಗುವ ರಕ್ತನಾಳಗಳೂ ಕಡಿಮೆ. ಕೇಂಬ್ರಿಜಿನ ತಂಡ ಇಂಥ ಮರಿಗಳನ್ನು ಮುದಿಯಾಗುವ ತನಕ ನೋಡಿತು. ಎಳೆಯ ಪ್ರಾಯದಲ್ಲಿ ಅವುಗಳ ಶುಗರ್ ಸರಿಯಾಗಿಯೇ ಇತ್ತು. 17 ತಿಂಗಳ ಹೊತ್ತಿಗೆ, ಇಲಿಗೆ ಅದು ಮುಪ್ಪು, ಗಂಡು ಇಲಿಗಳಿಗೆ ಡಯಾಬಿಟಿಸ್ ಬಂದಿತ್ತು. ಇಷ್ಟು ತಡವಾಗಿ ಹೊರಬರುವುದರಿಂದಲೇ ನಾವು ಈ ಕಾಯಿಲೆಯನ್ನು ಗರ್ಭಕ್ಕೆ ಜೋಡಿಸಿ ನೋಡುವುದಿಲ್ಲ.

ಇಲಿ ಇಲಿಯೇ, ಮನುಷ್ಯರಲ್ಲಿ? ಎರಡನೇ ಮಹಾಯುದ್ಧದಲ್ಲಿ 1944-45ರ ಚಳಿಗಾಲ ಜರ್ಮನರು ನೆದರ್ಲೆಂಡಿಗೆ ಆಹಾರ ಹೋಗದಂತೆ ತಡೆದರು. ದಿನದ ರೇಷನ್ 1,000 ಕ್ಯಾಲರಿಗಿಂತಲೂ ಕೆಳಗಿಳಿಯಿತು. ಆ ಕೆಲವು ತಿಂಗಳಲ್ಲಿ ತಾಯಿಯ ಹೊಟ್ಟೆಯಲ್ಲಿದ್ದವರನ್ನು ಐವತ್ತರ ಪ್ರಾಯದಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಪರೀಕ್ಷಿಸಿದಾಗ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ ಮೇಲಿನ ಶುಗರ್ ಇತರರಿಗಿಂತ ಹೆಚ್ಚಿತ್ತು. ಆಮೇಲೆ ದಪ್ಪಗಾದವರಲ್ಲಿ ಇನ್ನೂ ಹೆಚ್ಚು. ಅಲ್ಲಿ ಪ್ರೊಟೀನ್ ಮಾತ್ರವಲ್ಲ, ಎಲ್ಲವೂ ಕಡಿಮೆ ಇತ್ತು ಎಂಬುದನ್ನು ಮರೆಯಬಾರದು.

ಸೋಲಾಪುರಕ್ಕೆ ಹತ್ತಿರದ ಸಾಕ್ಷಿ ಪುಣೆಯದ್ದು. ಅದೇ ದಖ್ಖನ್, ಅದೇ ಜೋಳ-ಬಾಜ್ರದ ಸೀಮೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ 1993ರಿಂದ ಪುಣೆ ಬಳಿಯ ಆರು ಹಳ್ಳಿಗಳ ಹೆಂಗಸರನ್ನು ಬಸುರಿಯಾಗುವ ಮೊದಲಿನಿಂದಲೇ ಗಮನಿಸುತ್ತಾ ಬಂತು. ತಾಯಂದಿರ ಸರಾಸರಿ ತೂಕ 42 ಕಿಲೊ. ನಾಲ್ಕು ತಿಂಗಳ ಬಸುರಿಯಲ್ಲಿ ಅವರು ತಿನ್ನುತ್ತಿದ್ದ ಪ್ರೊಟೀನ್ ದಿನಕ್ಕೆ 45 ಗ್ರಾಂ, ಶಕ್ತಿ ಸುಮಾರು 1,800 ಕ್ಯಾಲರಿ. ಟೆಂಪಲ್ ಹೇಳಿದ ಪೌಂಡ್ ಧಾನ್ಯದಿಂದ ನಾನು ಮೇಲೆ ತೆಗೆದ ಪ್ರೊಟೀನ್ ಲೆಕ್ಕವೂ 45. ಪುಣೆಯವರ ತಟ್ಟೆಯಲ್ಲಿ ಬೇಳೆ, ಸ್ವಲ್ಪ ಹಾಲು ಇತ್ತು, ಹಾಗಾಗಿ ಎರಡೂ ಒಂದೇ ಎನ್ನುವುದು ಸರಿಯಲ್ಲ. ಆದರೂ ಬರ ಇಲ್ಲದ ವರ್ಷದಲ್ಲಿ, ಹೊಲದಲ್ಲಿ ದುಡಿಯುವ ಬಸುರಿಯ ಪಾಲಿಗೆ ಆ ಸಂಖ್ಯೆ ಬಂದದ್ದು ನನಗೆ ಈಗಲೂ ಕಿರಿಕಿರಿ ಮಾಡುತ್ತದೆ.

ಅಲ್ಲಿ ಹುಟ್ಟಿದ ಮಕ್ಕಳ ತೂಕ ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್‌ನ ಮಕ್ಕಳದ್ದು 3.5. ವಿಚಿತ್ರ ಏನೆಂದರೆ, ನಮ್ಮ ಮಕ್ಕಳಲ್ಲಿ ಸ್ನಾಯು ತುಂಬಾ ಕಡಿಮೆ, ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಿಲ್ಲ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ರಕ್ತದ ಸಕ್ಕರೆಯನ್ನು ಎಳೆದುಕೊಂಡು ಖರ್ಚು ಮಾಡುವುದು ಮುಖ್ಯವಾಗಿ ಸ್ನಾಯು. ಸ್ನಾಯು ಕಟ್ಟಲು ಬೇಕಾದದ್ದು ಪ್ರೊಟೀನ್.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಪುಣೆಯ ಲೆಕ್ಕದಲ್ಲಿ ಮಗುವಿನ ಗಾತ್ರಕ್ಕೂ ತಾಯಿ ತಿಂದ ಒಟ್ಟು ಪ್ರೊಟೀನಿಗೂ ನೇರ ಸಂಬಂಧ ಕಾಣಲಿಲ್ಲ. ಕಂಡದ್ದು ಹಸಿರು ಸೊಪ್ಪು, ಹಣ್ಣು, ಹಾಲು ಎಷ್ಟು ಸಲ ತಿಂದರು ಎಂಬುದಕ್ಕೆ. ಮುಂದೆ ಆ ಮಕ್ಕಳಿಗೆ ಆರು ವರ್ಷವಾದಾಗ, ಬಿ12 ಕಡಿಮೆ ಇದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳ ಮೈ ಇನ್ಸುಲಿನ್ ಮಾತು ಹೆಚ್ಚು ಕೇಳುತ್ತಿರಲಿಲ್ಲ. ಹಾಗಾಗಿ ಪ್ರೊಟೀನ್ ಒಂದನ್ನೇ ಕಳ್ಳ ಎಂದು ಹಿಡಿಯುವುದು ಸರಿಯಲ್ಲ. ಆದರೆ ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ, ಅಂದರೆ ಒಳ್ಳೆಯ ಪ್ರೊಟೀನ್ ಇರುವ ಕಡೆಯಲ್ಲೇ. ತಟ್ಟೆಯಿಂದ ಅವು ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ನಮ್ಮ ರಾಜ್ಯದ ಮೈಸೂರು ಕತೆಯನ್ನು ಇನ್ನೊಂದು ಕಡೆಗೆ ತಿರುಗಿಸುತ್ತದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳಿದ್ದವು. ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು ಅಲ್ಲಿ ಹುಟ್ಟಿದ 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದರು. ಶುಗರ್ ಹೆಚ್ಚು ಕಂಡದ್ದು ಹುಟ್ಟುವಾಗ ಗಿಡ್ಡಗೆ ದಪ್ಪಗಿದ್ದವರಲ್ಲಿ, ಭಾರದ ತಾಯಂದಿರ ಮಕ್ಕಳಲ್ಲಿ. ಇಂಗ್ಲೆಂಡಿನ ಪಾಠಕ್ಕೆ ಇದು ತದ್ವಿರುದ್ಧ. ಅವರು ಊಹಿಸಿದ್ದು ಹೀಗೆ: ಸಣ್ಣಗೆ ಹುಟ್ಟಿದ ಹೆಣ್ಣುಮಗು ಬೆಳೆದು, ಮೈ ಬಂದು, ಬಸುರಿಯಾದಾಗ ಅವಳ ಚಿಕ್ಕ ಪಂಪು ಸೋಲುತ್ತದೆ. ಬಸುರಿಯಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳಿಂದಾಗಿ ಯಾವ ತಾಯಿಗೂ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ಅದನ್ನು ಕೊಡಲಾಗದಿದ್ದರೆ ರಕ್ತದಲ್ಲಿ ಸಕ್ಕರೆ ಏರಿ ಮಗುವಿಗೂ ಹೋಗುತ್ತದೆ. ಮಗು ದಪ್ಪಗೆ ಹುಟ್ಟುತ್ತದೆ, ಮನೆಯವರು ಖುಷಿಪಡುತ್ತಾರೆ. ಮುಂದೆ ಅದಕ್ಕೂ ಶುಗರ್. ಹೀಗೆ ಅಜ್ಜಿಯ ಹಸಿವು ಮೊಮ್ಮಗುವಿನ ಕಾಯಿಲೆಯಾಗುತ್ತದೆ. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಶುರುವಾದ ಇನ್ನೊಂದು ಅಧ್ಯಯನದಲ್ಲಿ ನೂರಕ್ಕೆ 6 ಬಸುರಿಯರಿಗೆ ಶುಗರ್ ಇತ್ತು. ಅವರ ಮಕ್ಕಳಲ್ಲಿ ಒಂಬತ್ತು-ಹತ್ತು ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಕಂಡಿತು.

ಸೋಲಾಪುರದಲ್ಲಿ ಬರ 1878ಕ್ಕೆ ಮುಗಿಯಲಿಲ್ಲ. 1896-97ರಲ್ಲಿ ಬಂತು, 1899-1900ರಲ್ಲಿ ಬಂತು, 1972-73ರಲ್ಲಿ ಬಂತು. ಕೊನೆಯದನ್ನು ಅಲ್ಲಿಯ ಹಿರಿಯರು ಈಗಲೂ ಎಪ್ಪತ್ತೆರಡರ ಬರ ಎನ್ನುತ್ತಾರೆ. 1973ರ ಬೇಸಗೆಯಲ್ಲಿ ಮಹಾರಾಷ್ಟ್ರದ ಕಾಮಗಾರಿಗಳಲ್ಲಿ ದುಡಿದವರು 50 ಲಕ್ಷದ ಹತ್ತಿರ. ಈ ಸಲ ಜನ 1877ರ ಹಾಗೆ ಸಾಯಲಿಲ್ಲ, ಅದು ದೊಡ್ಡ ಮಾತು. ಉದ್ಯೋಗ ಖಾತರಿ ಯೋಜನೆ ಹುಟ್ಟಿದ್ದೂ ಆಗಲೇ. ಅಮೆರಿಕದಿಂದ ಮೈಲೊ ಎಂಬ ಕೆಂಪು ಜೋಳ ಬಂತು. ಕಾಮಗಾರಿಯ ಜಾಗದಲ್ಲಿ ಹಿಟ್ಟು, ಬೆಲ್ಲ, ಎಣ್ಣೆ ಸೇರಿಸಿ ಮಾಡಿದ ಸುಖಡಿ ಹಂಚಿದರು. ನಾನು ಬಾಡಿಗೆಗೆ ಇದ್ದ ಮನೆಯ ಆಯಿ ಆಗ ಆರು ತಿಂಗಳ ಬಸುರಿ, ಕೆರೆ ಕೆಲಸದಲ್ಲಿ ಬುಟ್ಟಿ ಹೊತ್ತವರು. ಮೈಲೊ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಬೇಳೆ ಮಾಡಿದ ದಿನ ಗಂಡನಿಗೆ, ಮಾವನಿಗೆ ಬಡಿಸಿ ಉಳಿದ ತಿಳಿನೀರು ಇವರಿಗೆ. ಆ ಹೊಟ್ಟೆಯಲ್ಲಿದ್ದ ಮಗನಿಗೆ ನಲ್ವತ್ತಕ್ಕೇ ಶುಗರ್ ಬಂತು, ಅವನು ದಪ್ಪವೂ ಅಲ್ಲ. ಒಬ್ಬನನ್ನು ನೋಡಿ ಕಾರಣ ಹೇಳಲಾಗದು, ನನಗೂ ಗೊತ್ತು. ಆದರೆ ಎಪ್ಪತ್ತೆರಡರ ಬರದಲ್ಲಿ ಗರ್ಭದಲ್ಲಿದ್ದವರಿಗೆಲ್ಲ ಈಗ ಐವತ್ತು ದಾಟಿದೆ, ಶುಗರ್ ಹೊರಬರುವ ಪ್ರಾಯ.

ಇದನ್ನೆಲ್ಲ ಕರಾವಳಿಯ ನಮ್ಮ ಮನೆಗಳಿಗೆ ಯಾಕೆ ಹೇಳಬೇಕು? ನಮ್ಮಲ್ಲಿ ಮೀನು ಇದೆ, ಕೋಳಿ ಇದೆ ಎನ್ನುತ್ತೀರಿ. ಬಾಪನ ದಿನಸಿ ಅಂಗಡಿಯ ಸಾಲದ ಪುಸ್ತಕ ನೋಡಿ ಬೆಳೆದವನು ನಾನು. ಕೈ ಬಿಗಿಯಾದ ತಿಂಗಳಲ್ಲಿ ಗಿರಾಕಿಯ ಚೀಟಿಯಲ್ಲಿ ಅಕ್ಕಿ ಕಡಿಮೆಯಾಗುವುದಿಲ್ಲ, ಸಕ್ಕರೆ, ಚಾ ಹುಡಿ ಕಡಿಮೆಯಾಗುವುದಿಲ್ಲ. ಮೊದಲು ಇಳಿಯುವುದು ಬೇಳೆ, ಹೆಸರು, ಮೊಟ್ಟೆ. ಮಳೆಗಾಲದಲ್ಲಿ ಬೋಟು ನಿಂತಾಗ ಮೀನೂ ಇಲ್ಲ, ಒಣಮೀನಿನ ತುಂಡೊಂದು ಗಂಜಿಗೆ. ಮೀನು ಇದ್ದ ದಿನವೂ ಹೊರಿದ ತುಂಡು ಮೊದಲು ಗಂಡಸರ ಬಟ್ಟಲಿಗೆ, ಮಕ್ಕಳ ಬಟ್ಟಲಿಗೆ. ಸೊಸೆಗೆ ಪತ್ತಿರ್ ಮತ್ತು ಸಾರು. ಹೊಟ್ಟೆ ತುಂಬುತ್ತದೆ, ತುಂಬಿದ್ದು ಹಿಟ್ಟು. ಬೇಳೆ ಮೀನು ಇಲ್ಲದ ಅನ್ನ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ ಎಂಬುದು ಬೇರೆ.

ಇನ್ನೊಂದು ವಿಷಯ ನಮ್ಮ ಹಿರಿಯರ ಜೊತೆ ಜಗಳವಾದರೂ ಹೇಳಬೇಕಾದದ್ದು. ನಮ್ಮಲ್ಲಿ ಬಾಣಂತಿಗೆ ನಲ್ವತ್ತು ದಿನ ಮಾಡುವ ಆರೈಕೆ ನೋಡಿದವರು ಬೆರಗಾಗುತ್ತಾರೆ. ಕೋಳಿ, ಮಾಂಸದ ಸೂಪು, ಮದ್ದು, ತುಪ್ಪ. ಅದು ಒಳ್ಳೆಯದೇ, ಹಾಲೂಡುವವಳಿಗೆ ಬೇಕು. ಆದರೆ ಮಗುವಿನ ಗ್ರಂಥಿ ಕಟ್ಟುವ ಕೆಲಸ ಆಗ ಬಹುಪಾಲು ಮುಗಿದಿದೆ. ಹೆರಿಗೆಗೆ ಮೊದಲಿನ ಆರು ತಿಂಗಳಲ್ಲಿ ಅದೇ ಉಮ್ಮ, ಮಗು ದೊಡ್ಡದಾದರೆ ಹೆರಿಗೆ ಕಷ್ಟ ಎಂದು ಮಗಳ ಊಟ ಕಡಿಮೆ ಮಾಡಿಸುವುದನ್ನು ನಾನು ಕಂಡಿದ್ದೇನೆ.

ಹಾಗೆಂದು ಮೆಡಿಕಲ್ ಶಾಪಿನ ಪ್ರೊಟೀನ್ ಪುಡಿಯ ಡಬ್ಬಿಗೆ ಓಡಬೇಡಿ. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಬಡ ಬಸುರಿಯರಿಗೆ ಪ್ರೊಟೀನ್ ತುಂಬಿದ ಪಾನೀಯ ಕೊಟ್ಟು ನೋಡಿದ್ದರು, 1980ರಲ್ಲಿ ಅದರ ಫಲಿತಾಂಶ ಬಂತು. ಅವಧಿಗೆ ಮೊದಲೇ ಹೆರಿಗೆ, ಎಳೆಗೂಸಿನ ಸಾವು ಆ ಗುಂಪಿನಲ್ಲೇ ಹೆಚ್ಚಿತ್ತು. ಊಟದ ಒಟ್ಟು ಪ್ರಮಾಣ ಮತ್ತು ಪ್ರೊಟೀನ್ ಎರಡನ್ನೂ ಹದವಾಗಿ ಹೆಚ್ಚಿಸಿದ ಪ್ರಯೋಗಗಳಲ್ಲಿ ಮಾತ್ರ ಮಕ್ಕಳು ಚೆನ್ನಾಗಿ ಬೆಳೆದವು. ಆ 22 ಗ್ರಾಮನ್ನು ಅಡುಗೆಮನೆಯಲ್ಲೇ ಕೂಡಿಸಬಹುದು: ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಬೂತಾಯಿಯಲ್ಲಿ 18ರಿಂದ 20, ಒಂದು ಹಿಡಿ, ಅಂದರೆ 30 ಗ್ರಾಂ ಬೇಳೆಯಲ್ಲಿ 6ಕ್ಕಿಂತ ಸ್ವಲ್ಪ ಹೆಚ್ಚು. ಕಿಡ್ನಿ ತೊಂದರೆ ಅಥವಾ ಶುಗರ್ ಮೊದಲೇ ಇದ್ದವರು ಡಾಕ್ಟರನ್ನು ಕೇಳಿಯೇ ಬದಲಿಸಬೇಕು. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷೆ ಮಾಡುತ್ತಾರೆ. 140 ಅಥವಾ ಮೇಲಿದ್ದರೆ ಅದು ಬಸುರಿಯ ಶುಗರ್.

2013ರ ಆಹಾರ ಭದ್ರತಾ ಕಾನೂನು ಒಬ್ಬರಿಗೆ ತಿಂಗಳಿಗೆ 5 ಕಿಲೊ ಧಾನ್ಯದ ಹಕ್ಕು ಕೊಡುತ್ತದೆ. ಆ ಹಕ್ಕಿನಲ್ಲಿ ಬೇಳೆ ಇಲ್ಲ. ಕಾರ್ನಿಷ್ ಇದ್ದಿದ್ದರೆ ಮತ್ತೆ ಪತ್ರ ಬರೆಯುತ್ತಿದ್ದನೋ ಏನೋ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯ ಊಟ ಸಿಗಬೇಕು ಎಂದು ಅದೇ ಕಾನೂನು ಹೇಳುತ್ತದೆ. ಕರ್ನಾಟಕದಲ್ಲಿ 2017ರ ಅಕ್ಟೋಬರಿನಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿಗೆ ಮಧ್ಯಾಹ್ನದ ಬಿಸಿಯೂಟದ ಜೊತೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಇಟ್ಟಿದ್ದರು. ನಮ್ಮ ಎಷ್ಟೋ ಮನೆಗಳ ಸೊಸೆಯಂದಿರು ನಾಚಿಕೆಯಿಂದ, ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಅಲ್ಲಿಗೆ ಕಾಲಿಡುವುದಿಲ್ಲ. ಅಂಗನವಾಡಿ ಇರುವುದು ಹೆಚ್ಚಿನ ಊರುಗಳಲ್ಲಿ ಮದ್ರಸದ ದಾರಿಯಲ್ಲೇ. ಹೆಸರು ಬರೆಸಲು ತಾಯಿ ಕಾರ್ಡ್ ಮತ್ತು ಆಧಾರ್ ಹಿಡಿದುಕೊಂಡು ಹೋಗಿ ಅಂಗನವಾಡಿ ಟೀಚರನ್ನು ಕೇಳಿದರಾಯಿತು.